ಭಾವನ ಎದೆಗೆ ಇಳಿದ ಕಲ್ಲು

ನಮ್ಮ ಭಾವ ಕಲ್ಲೇಶಪ್ಪ ಹಳೇಬೀಡಿನಲ್ಲಿ ಬಳಪದ ಕಲ್ಲಿನ ಬಸವ, ಗಣಪತಿ ಕೆತ್ತಿ ಅಂಗಡಿಗಳಿಗೆ ಕೊಡುತ್ತಿದ್ದರು. ಬಸವನ ಕೊಂಬು ಎಷ್ಟು ಬಾಗಬೇಕೆಂದು ಅರ್ಧ ದಿನ ಯೋಚಿಸುವ ಮನುಷ್ಯನಿಗೆ ಊಟಕ್ಕೆ ಕರೆದರೆ ಮಾತ್ರ ಕಿವಿ ಕೇಳುತ್ತಿರಲಿಲ್ಲ. ಪಕ್ಕದಲ್ಲೇ ಕೂತು ಉಪ್ಪುಕಾಗದ ಹಿಡಿದು ಉಜ್ಜುವುದು ನಮ್ಮಕ್ಕ ರುದ್ರಮ್ಮನ ಕೆಲಸ. ನೀರು ಹಾಕಿದರೆ ಗೀರು ಕಾಣುವುದಿಲ್ಲವೆಂದು ಒಣಗಲ್ಲನ್ನೇ ಉಜ್ಜುತ್ತಿದ್ದಳು.

ದೇವರ ಕಣ್ಣು ಬಿಡಿಸುವಾಗ ಮಾತ್ರ ಭಾವ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು, ಎಂಜಲುಸಿರು ದೇವರಿಗೆ ತಾಕಬಾರದಲ್ಲ. ಕಣ್ಣು ಮುಗಿದ ಮೇಲೆ ಬಟ್ಟೆ ಬಿಚ್ಚಿ, ಗೀರಿನಲ್ಲಿ ಕೂತ ಪುಡಿಯನ್ನು ಬಾಯಿಂದಲೇ ಊದುವುದು. ತೊಂಬತ್ತಾರರಲ್ಲಿ ಕಲ್ಲು ಕೊರೆಯುವ ಕರೆಂಟಿನ ಮೆಷಿನ್ ಬಂತು. ಉಳಿಯ ಪುಡಿ ಕಾಲಬುಡಕ್ಕೆ ಬೀಳುತ್ತಿತ್ತು, ಮೆಷಿನ್ನಿನದು ಮನೆ ತುಂಬ ತೇಲಿತು. ನಾನು ಬೈದರೆ, ಸಂಜೆ ಒಂದು ತುಂಡು ಬೆಲ್ಲ ತಿಂದರೆ ಎಲ್ಲ ಇಳಿದುಹೋಗುತ್ತದೆ ಎನ್ನುತ್ತಿದ್ದರು. ಬೆಲ್ಲ ಹೋಗುವುದು ಹೊಟ್ಟೆಗೆ, ಪುಡಿ ಹೋದದ್ದು ಎದೆಗೆ. ಹೇಳಿ ಹೇಳಿ ನನ್ನ ಬಾಯಿ ನೋವಾಯಿತು.

ಭಾವನಿಗೆ ಕೆಮ್ಮು ಹತ್ತಿತು. ಕ್ಷಯವೆಂದು ವರ್ಷಗಟ್ಟಲೆ ಮಾತ್ರೆ ನುಂಗಿದರೂ ಉಸಿರು ಕಟ್ಟುವುದು ನಿಲ್ಲಲಿಲ್ಲ. ಕೊನೆಗೆ ಹಾಸನದ ಡಾಕ್ಟರೊಬ್ಬರು ಎಕ್ಸ್‌ರೇಯಲ್ಲಿನ ಬಿಳಿ ಚುಕ್ಕೆಗಳನ್ನು ತೋರಿಸಿ ಬಿಡಿಸಿ ಹೇಳಿದರು.

"ಇದು ಕ್ಷಯ ಅಲ್ಲ, ಕಲ್ಲಿನ ಧೂಳು. ಕಣ್ಣಿಗೆ ಕಾಣೋ ಧೂಳನ್ನ ಮೂಗೇ ತಡೆಯುತ್ತೆ. ಕಾಣದಷ್ಟು ಸಣ್ಣದು ಶ್ವಾಸಕೋಶದ ತಳಕ್ಕೇ ಇಳಿಯುತ್ತೆ. ಅದನ್ನ ನುಂಗಿ ಶುದ್ಧ ಮಾಡೋ ಜೀವಕೋಶಗಳು ಅಲ್ಲಿವೆ. ಕಲ್ಲು ಅರಗಲ್ಲ, ನುಂಗಿದ ಜೀವಕೋಶ ಸಾಯುತ್ತೆ. ಕಲ್ಲು ಹಾಗೇ ಉಳಿಯುತ್ತೆ, ಇನ್ನೊಂದು ಬಂದು ನುಂಗುತ್ತೆ, ಅದೂ ಸಾಯುತ್ತೆ. ಆ ಜಾಗವೆಲ್ಲ ಗಟ್ಟಿಯಾಗ್ತಾ ಹೋಗುತ್ತೆ."

"ಬಾಯಿಗೆ ಬಟ್ಟೆ ಕಟ್ಟಿದ್ರೆ ಸಾರ್?" ಎಂದು ಭಾವ ಕೇಳಿದರು.

"ಅಷ್ಟು ಸಣ್ಣದು ನೂಲಿನ ಸಂದೀಲೇ ದಾಟಿಬಿಡುತ್ತೆ."

ಭಾವ ತಮ್ಮ ಬಗ್ಗೆ ಮತ್ತೇನೂ ಕೇಳಲಿಲ್ಲ. "ಇವ್ಳೂ ಪಕ್ಕದಲ್ಲೇ ಕುಂತ್ಕಂಡು ಉಜ್ತಾಳೆ. ಇವ್ಳ ಎದೆ ನೋಡಿ ಸಾರ್" ಎಂದರು.

ಅಕ್ಕನ ಎಕ್ಸ್‌ರೇ ತರಲು ಮರುವಾರ ಅವಳೂ ನಾನೂ ಇಬ್ಬರೇ ಹೋದೆವು. ಅದೇ ಬಿಳಿ ಚುಕ್ಕೆಗಳು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ, "ನಿಮ್ಮ ಭಾವನ ಮುಂದೆ ಬಾಯಿ ಬಿಟ್ಟೀಯ ಕಣೇ" ಎಂದಳು. ನಾನು ಜಗಳವಾಡಿದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಮನೆಯಲ್ಲಿ ಗೋಡೆಗೆ ಒರಗಿದ್ದ ಭಾವ, "ಏನಂದ್ರು?" ಎಂದರು.

"ಏನೂ ಇಲ್ವಂತೆ. ಚೆನ್ನಾಗೈತಂತೆ" ಎಂದಳು ಅಕ್ಕ.

"ನೀನು ಉಳ್ಕಂಡ್ಯಲ್ಲ, ಅಷ್ಟು ಸಾಕು" ಎಂದರು. ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿಕೊಂಡು ಸಮಾಧಾನಪಟ್ಟರು. ಕೆಮ್ಮು ಬಂದಾಗಲೆಲ್ಲ ಅಕ್ಕ ಬಾಯಿಗೆ ಸೆರಗು ತುರುಕಿಕೊಂಡು ಹಿತ್ತಿಲಿಗೆ ಓಡುತ್ತಿದ್ದಳು. ಭಾವ ಹೋದ ದಿನ ಅವರ ತಲೆಯ ಪಕ್ಕ ಕೂತು, ಸೆರಗು ಮುಚ್ಚಿಕೊಳ್ಳದೆ, ಮನಸಾರೆ ಕೆಮ್ಮಿದಳು.