ಚೀಲದ ತಳದ ಕಪ್ಪು ಗಾಜು

ಅಕ್ಕಿ ಗಿರಣಿಯ ಗಡಗಡ ಸದ್ದು ನಿಂತರೆ ಸಾಕು, ರಾಯಚೂರಿನ ಆ ಓಣಿಯಲ್ಲಿ ಚನ್ನವೀರನ ಚಿತ್ರೀಕರಣ ಶುರುವಾಗುತ್ತದೆ. ಕಿರುಚಿತ್ರ ಮಾಡುವ ಅವನಿಗಿರುವುದು ಹಳೆಯದೊಂದು ಡಿಎಸ್‌ಎಲ್‌ಆರ್ ಕ್ಯಾಮೆರಾ, ಅಗ್ಗದ ಐವತ್ತು ಎಂಎಂ ಲೆನ್ಸು. ಸ್ಟ್ಯಾಂಡಿನ ಬದಲು ತೌಡು ತುಂಬಿದ ಚೀಲ, ಮುಖಕ್ಕೆ ಬೆಳಕು ತಿರುಗಿಸಲು ಥರ್ಮೋಕೋಲ್ ಹಾಳೆ. ದೇವದುರ್ಗದ ಕಾಲೇಜಿನವರು ಸಲಹೆ ಕೇಳಿಕೊಂಡು ಬಂದರೆ, "ಐವತ್ತು ತಗೋರಿ, ಸಾಕು. ದೂರದ್ದು ಬೇಕಾದ್ರ ನಡಕೋತ ಹೋಗ್ರಿ, ದೇವ್ರು ಕಾಲು ಕೊಟ್ಟಾನ" ಎನ್ನುತ್ತಾನೆ. ಆದರೆ ಅವನಂತೆಯೇ ಕಿರುಚಿತ್ರ ಮಾಡುವ ಮಾನ್ವಿಯ ಕೃಷ್ಣ, ದೂರದ್ದನ್ನು ಹತ್ತಿರ ತೋರಿಸುವ ದೊಡ್ಡ ಜೂಮ್ ಲೆನ್ಸ್ ಕೊಂಡ ದಿನದಿಂದ ಚನ್ನವೀರನಿಗೆ ಊಟ ರುಚಿಸಿಲ್ಲ. "ಲೆನ್ಸಲ್ಲದು, ಹಾಲಿನ ಕ್ಯಾನು" ಎಂದು ನಗುತ್ತಾನೆ. ಕೃಷ್ಣನ ವಿಡಿಯೋ ಬಂದರೆ ಮಾತ್ರ ಎಲ್ಲರಿಗಿಂತ ಮೊದಲೇ ಮೂರು ಸಲ ನೋಡುತ್ತಾನೆ. ಮೊನ್ನೆ ಕೃಷ್ಣನೇ ಬಂದ. ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದದ್ದೆಲ್ಲ ಬೆಳ್ಳಗೆ ಸುಟ್ಟುಹೋಗಿತ್ತು. "ಏನರ ಮಾಡಣ್ಣಾ" ಎಂದ. ಹಾಳಾದ ಚಿತ್ರ ನೋಡಿ ಹಿಗ್ಗಬೇಕೆಂದುಕೊಂಡರೂ ಚನ್ನವೀರನಿಂದ ಆಗಲಿಲ್ಲ. ಕ್ಯಾಮೆರಾ ಚೀಲದ ತಳದಿಂದ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದ, ಬಿಸಿಲು ತಗ್ಗಿಸುವ ಕಪ್ಪು ಗಾಜಿನ ಫಿಲ್ಟರ್ ತೆಗೆದು ಕೃಷ್ಣನ ಲೆನ್ಸಿನ ಬಾಯಿಗೆ ತಿರುಗಿಸಿದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. "ಅಣ್ಣಾ, ಇಷ್ಟು ಅಗಲದ್ದು ನಿನ್ನ ಸಣ್ಣ ಲೆನ್ಸಿಗೆ ಕೂಡಂಗಿಲ್ಲಲ್ಲ. ಯಾವಾಗ ತಗೊಂಡಿದ್ದಿ?" ಎಂದ ಕೃಷ್ಣ. "ಮೂರು ವರ್ಷಾತು. ಲೆನ್ಸು ಆಮ್ಯಾಲ ತಗೊಂಡ್ರಾತು ಅಂತ" ಎಂದ ಚನ್ನವೀರ. ಆ ಲೆನ್ಸಿನಲ್ಲಿ ಒಮ್ಮೆ ಓಣಿಯ ತುದಿಯವರೆಗೂ ಕಣ್ಣಾಡಿಸಿ, ಫಿಲ್ಟರ್ ಸಮೇತ ಕ್ಯಾಮೆರಾ ಮರಳಿಸಿ, ತೌಡಿನ ಚೀಲ ಹೆಗಲಿಗೇರಿಸಿಕೊಂಡು ನಡೆದೇಬಿಟ್ಟ: "ಲೆನ್ಸಿನ್ಯಾಗ ಏನೂ ಇಲ್ಲೋ ಕೃಷ್ಣ, ಬೆಳಕೊಂದಿದ್ರ ಸಾಕು..."