ಬೈಕಿಗೆ ಬಿಗಿದ ಕ್ಯಾಮೆರಾ

ಸದಲಗಾದಲ್ಲಿ ಮದುವೆ ಫೋಟೊ ತೆಗೆಯುವ ಜಾವೇದ ಯಾವುದನ್ನೂ ಒಂದೇ ಸಲ ನೋಡಿ ಬಿಡುವವನಲ್ಲ. ಮನೆಯಲ್ಲಿ ಚಾರ್ಜ್ ಮಾಡಿಟ್ಟ ಬ್ಯಾಟರಿಯನ್ನು ದಾರಿಯಲ್ಲಿ ನಿಂತು ಮತ್ತೆ ತಡವಿ ನೋಡುತ್ತಿದ್ದ. ಹೆಂಡತಿ ಅಲ್ಫಿಯಾ ಅದಕ್ಕೆ ನಗುತ್ತಿದ್ದಳು.

ಅಂಥವನಿಗೆ ಗಂಟುಬಿದ್ದವನು ಅಮಿತ. ಮುಂದಿನ ವಾರ ದೀಪಾಲಿಯೊಂದಿಗೆ ಅವನ ಮದುವೆ.

"ನಾ ಗಾಡಿ ಹೊಡೀತೇನಿ, ಈಕಿ ಹಿಂದ ಕುಂದರ್ತಾಳ. ರಸ್ತೆ ಓಡೂದು, ನಮ್ಮ ಮಾರಿ, ಎರಡೂ ಫೋಟೊದಾಗ ಬರಬೇಕ್ರಿ, ಜಾವೇದಭಾಯ್."

ಜಾವೇದ ಬೈಕಿನ ಲೆಗ್‌ಗಾರ್ಡಿಗೆ ರಬ್ಬರು ಸುತ್ತಿ, ಕ್ಲ್ಯಾಂಪ್ ಬಿಗಿದು, ಇಬ್ಬರ ಮುಖ ಕಾಣುವಂತೆ ಕ್ಯಾಮೆರಾ ಕೂರಿಸಿದ. ಅಲ್ಲಿಂದ ಮುಂದಿನ ಗಾಲಿಗೆ ಒಂದು ಗೇಣು. ಅದು ತನ್ನಷ್ಟಕ್ಕೆ ಫೋಟೊ ತೆಗೆಯುತ್ತ ಹೋಗುವಂತೆ ಹೊಂದಿಸಿ, "ಸಾವಕಾಶ ಹೊಡೀರಿ. ಬ್ರಿಜ್ ತನಕ ಹೋಗಿ ಹೊಳ್ಳಿ ಬರ್ರಿ" ಎಂದ.

ಬೈಕು ತಿರುವಿನಲ್ಲಿ ಮರೆಯಾದ ಮೇಲೆ ಜಾವೇದ ಚೀಲಕ್ಕೆ ಕೈ ಹಾಕಿದ. ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಳ್ಳುವ ಬೆಲ್ಟು ಅಲ್ಲಿರಲಿಲ್ಲ. ಬಿಚ್ಚಿಡುವುದನ್ನೇ ಮರೆತಿದ್ದ. ಅದು ಗಾಳಿಗೆ ಹಾರಿ ಗಾಲಿಗೆ ಸುತ್ತಿಕೊಂಡರೆ?

ಅಮಿತನಿಗೆ ಫೋನು ಹಚ್ಚಿದ. ಅದು ತನ್ನ ಚೀಲದಲ್ಲೇ ರಿಂಗಾಯಿತು. ಜೇಬು ಉಬ್ಬಿ ಕಾಣಬಾರದೆಂದು ಅಮಿತನ ಫೋನನ್ನು ತಾನೇ ಇಸಿದುಕೊಂಡಿದ್ದ.

ಸ್ಕೂಟಿ ಹತ್ತಿ ಬೆನ್ನಟ್ಟಿದ. ಕಬ್ಬಿನ ಟ್ರ್ಯಾಕ್ಟರೊಂದು ಜೋಡಿ ಟ್ರಾಲಿ ಎಳೆಯುತ್ತ ರಸ್ತೆ ತುಂಬ ಹೊರಟಿತ್ತು. ಎಷ್ಟು ಹಾರ್ನು ಹೊಡೆದರೂ ದಾರಿ ಸಿಗಲಿಲ್ಲ. ಎದುರು ಬಂದ ಸೈಕಲ್ಲಿನವನನ್ನು ಕೇಳಿದ.

"ಹುಡುಗ ಹುಡುಗಿ ಗಾಡಿಮ್ಯಾಲ ಹೋದದ್ದು ನೋಡಿದ್ರೇನ್ರಿ?"

"ಬ್ರಿಜ್ ಹತ್ರ ಮಂದಿ ಕೂಡ್ಯಾರ ನೋಡ್ರಿ."

ಜಾವೇದ ಇನ್ನು ಕಾಯಲಿಲ್ಲ. ರಸ್ತೆ ಬಿಟ್ಟು ಮಣ್ಣಿಗಿಳಿದು ಟ್ರಾಲಿಯನ್ನು ದಾಟಿದ. ದೀಪಾಲಿಯ ತಾಯಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮಂದಿ ಸೇರಿದ್ದರು, ನಿಜ. ಬೈಕಿಗೆ ಕಟ್ಟಿದ ಕ್ಯಾಮೆರಾ ನೋಡಲು. ಪಕ್ಕದಲ್ಲಿ ದೀಪಾಲಿ ಬೆಲ್ಟು ಹಿಡಿದು ನಿಂತಿದ್ದಳು. ಅದರ ತುದಿ ಗಾಲಿಗೆ ಉಜ್ಜಿ ಸವೆದು ನೂಲು ಎದ್ದಿತ್ತು.

"ಏನೋ ಟಪಟಪ ಬಡ್ಯಾಕತ್ತಿತ್ರಿ. ಇವರು ಏನಿಲ್ಲ ಅಂದ್ರು. ಬೆನ್ನಿಗೆ ಗುದ್ದಿ ನಿಲ್ಲಿಸಿದ್ನಿ."

"ತಪ್ಪು ನಂದರಿ, ಅಕ್ಕಾರ," ಎಂದ ಜಾವೇದ. ಕ್ಲ್ಯಾಂಪಿನ ತಿರುಪು ಬಿಚ್ಚತೊಡಗಿದ.

"ಬೆಲ್ಟ್ ತೆಗದು ಇನ್ನೊಮ್ಮೆ ಹೋಗೂಣ್ರಿ," ಎಂದ ಅಮಿತ.

"ಬ್ಯಾಡ್ರಿ. ನಾ ಇಲ್ಲೇ ನಿಂತು ತೆಗೀತೇನಿ."

ಸಂಜೆ ಅಲ್ಫಿಯಾ ಕಂಪ್ಯೂಟರಿನಲ್ಲಿ ಫೋಟೊ ನೋಡಿದಳು. ಬೈಕಿನ ಮೇಲಿನವೆಲ್ಲ ಅಲುಗಿದ್ದವು. ಒಂದು ಮಾತ್ರ ಸ್ವಚ್ಛವಾಗಿತ್ತು: ನಗುತ್ತಿರುವ ಅಮಿತ, ಅವನ ಬೆನ್ನಿಗೆ ಮುಷ್ಟಿ ಎತ್ತಿದ ದೀಪಾಲಿ.

"ಇದು ಛಲೋ ಬಂದೈತಿ," ಎಂದಳು.

"ಅದನ್ನ ಅಳಸು. ಬೆಲ್ಟ್ ಗಾಲಿಗೆ ಬಡೀತಿದ್ದಾಗಿಂದು ಅದು," ಎಂದ ಜಾವೇದ.

ಅವಳು ಅಳಿಸಲಿಲ್ಲ. ಆಲ್ಬಮ್ಮಿನ ಮೊದಲ ಪುಟಕ್ಕೆ ದೀಪಾಲಿ ಆರಿಸಿದ್ದು ಅದನ್ನೇ. ಅದನ್ನು ಅಂಟಿಸುವ ಕೆಲಸವನ್ನು ಜಾವೇದ ಹೆಂಡತಿಗೇ ಬಿಟ್ಟ.