ಗೆರೆಯ ಕೆಳಗೆ ಅತ್ತೆ ಬರೆಸಿದ ಹೆಸರುಗಳು

ನಮ್ಮತ್ತೆ ಹಿತ್ತಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಂಡ್ಯದಲ್ಲಿ ಆಪರೇಷನ್ ಆಯಿತು. ಬೆಸಗರಹಳ್ಳಿ ಪಕ್ಕದ ನಮ್ಮೂರಿಗೆ ಕರೆತಂದ ಮೇಲೆ, ವಾಕರ್ ಹಿಡಿದು ನಡೆಯುವುದನ್ನು ಕಲಿಯಲು ಮದ್ದೂರಿನ ಫಿಸಿಯೋಥೆರಪಿಯವರ ಬಳಿ ಹೋಗಬೇಕಾಯಿತು. ಆಕೆ ಇನ್ನೂ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಅತ್ತೆ ಮೊದಲ ದಿನವೇ ಅವರಿಗೆ ಡಾಕ್ಟ್ರಮ್ಮ ಎಂದು ಹೆಸರಿಟ್ಟುಬಿಟ್ಟರು. "ದಿನಾ ಎಷ್ಟು ನಿಮಿಷ ನಡೆದರು ಅಂತ ಬರೆದಿಡಿ, ಮುಂದಿನ ಸಲ ಬರುವಾಗ ನೋಡೋಣ" ಎಂದು ಡಾಕ್ಟ್ರಮ್ಮ ನನಗೆ ಹೇಳಿದರು.

ನಾನು ಭಾರತೀನಗರದ ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಮಾಡುವವಳು. ಮೀಟಿಂಗ್ ಎಂದರೆ ಸಾಕು, ಪ್ರವೇಶ, ಹಾಜರಾತಿ, ಫಲಿತಾಂಶ ಎಲ್ಲವನ್ನೂ ಎಕ್ಸೆಲ್‌ಗೆ ತುಂಬಿ ಚಾರ್ಟ್ ಮಾಡಿಕೊಡಬೇಕು. ಅದೇ ಅಭ್ಯಾಸದಲ್ಲಿ ಅತ್ತೆಯ ನಡಿಗೆಯನ್ನೂ ಮನೆಯ ಲ್ಯಾಪ್‌ಟಾಪಿಗೆ ಹಾಕಿದೆ. ಆರನೇ ದಿನದ ಹೊತ್ತಿಗೆ ಗೆರೆ ಮೆಲ್ಲಗೆ ಮೇಲೇರುತ್ತಿತ್ತು. ಅತ್ತೆಗೆ ಖುಷಿಯಾಗಲಿ ಎಂದು ತೋರಿಸಿದೆ.

ಕನ್ನಡಕ ಏರಿಸಿಕೊಂಡು ನೋಡಿದರು. ಗೆರೆಯ ಕೆಳಗೆ ಒಂದು, ಎರಡು, ಮೂರು ಎಂದು ಸಾಲಾಗಿ ಅಂಕಿಗಳಿದ್ದವು.

"ಇದೇನವ್ವ, ಒಂದು ಎರಡು ಮೂರು? ಐಕ್ಳಿಗೆ ಮಗ್ಗಿ ಯೋಳ್ಕೊಟ್ಟಂಗೆ?"

"ಒಂದನೇ ದಿನ, ಎರಡನೇ ದಿನ ಅತ್ತೆ."

"ಯಾವತ್ತು ಎಲ್ಲೀಗಂಟ ಓದೆ ಅನ್ನೋದು ಬ್ಯಾಡ್ವಾ?"

ನಾವು ಏನೂ ಹೇಳದಿದ್ದರೆ ಎಕ್ಸೆಲ್ ತಾನೇ ಅಂಕಿ ಹಾಕಿಕೊಳ್ಳುತ್ತದೆ. ಅದನ್ನು ಬದಲಾಯಿಸುವುದು ಕಷ್ಟವೇನಲ್ಲ. ಪಕ್ಕದ ಕಾಲಂನಲ್ಲಿ ತಾರೀಕು ಬರೆದು, ಚಾರ್ಟಿನ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಲೆಕ್ಟ್ ಡೇಟಾಗೆ ಹೋಗಿ, ಬಲಗಡೆ ಕಾಣುವ ಎಡಿಟ್ ಒತ್ತಿ ಆ ಕಾಲಂ ತೋರಿಸಿದೆ. ಅಂಕಿಗಳ ಜಾಗದಲ್ಲಿ ತಾರೀಕುಗಳು ಬಂದು ಕೂತವು. ಅತ್ತೆಗೆ ಅದೂ ಹಿಡಿಸಲಿಲ್ಲ.

"ತಾರೀಕು ಯಾರ್ಗೆ ಗ್ಯಾಪ್ಕ ಇರ್ತದೆ ಬುಡು. ನಾ ಯೋಳ್ತೀನಿ, ಬರ್ಕೊ."

ಅವರು ಹೇಳುತ್ತಾ ಹೋದರು, ನಾನು ತಾರೀಕು ಅಳಿಸಿ ಬರೆಯುತ್ತಾ ಹೋದೆ. ನಡುಮನೆ. ಹೊಸಿಲು. ಜಗಲಿ. ಮತ್ತೆ ಜಗಲಿ. ತೆಂಗಿನ ಮರ. ಹಾಲಿನ ಡೈರಿ. ಉದ್ದದ ಹೆಸರುಗಳು ಜಾಗ ಸಾಲದೆ ಓರೆಯಾಗಿ ನಿಂತವು. ಅತ್ತೆ ಒಂದೊಂದನ್ನೇ ಕತ್ತು ವಾಲಿಸಿ ಓದಿಕೊಂಡರು. ಡೈರಿ ಹತ್ತಿರ ಬೆರಳಿಟ್ಟು, "ಇವತ್ತು ಕಾಲು ನಡುಗ್ತಿತ್ತು ಕಣವ್ವ, ಆದ್ರೂ ಓದೆ" ಎಂದರು. ಅಲ್ಲಿಂದ ದಿನವೂ ನಾನು ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಅವತ್ತಿನ ಹೆಸರು ಅವರ ಬಾಯಲ್ಲಿ ತಯಾರಿರುತ್ತಿತ್ತು.

ಆಮೇಲೊಂದು ಭಾನುವಾರ ಅವರು ವಾಕರನ್ನು ಜಗಲಿಯಲ್ಲೇ ಬಿಟ್ಟು, ಗೋಡೆ ಹಿಡಿದುಕೊಂಡು ಬೀದಿಗೆ ಇಳಿದಿದ್ದರು. ಊರಂಚಿನ ನಾಲೆ ತನಕ ಹೋಗಬೇಕಂತೆ, ಬಟ್ಟೆ ಒಗೆಯುವ ಹೆಂಗಸರ ಮುಂದೆ ವಾಕರ್ ಹಿಡಿದು ಹೋಗಲು ನಾಚಿಕೆಯಂತೆ. ನಾನು ಓಡಿಹೋಗಿ ರಟ್ಟೆ ಹಿಡಿದೆ. "ಇನ್ನೊಂದು ಸಲ ಬಿದ್ದರೆ ಎತ್ತೋರು ಯಾರು?" ಎಂದು ಬೀದಿಗೆಲ್ಲ ಕೇಳುವಂತೆ ಗದರಿದೆ. ಅತ್ತೆ ಒಳಗೆ ಬಂದು ಗೋಡೆ ಕಡೆ ತಿರುಗಿ ಮಲಗಿದರು. ಅವತ್ತು ನಡೆಯಲಿಲ್ಲ, ಮಾರನೆಯ ದಿನವೂ ನಡೆಯಲಿಲ್ಲ. ಗೆರೆ ಧೊಪ್ಪೆಂದು ತಳಕ್ಕೆ ಇಳಿಯಿತು. ಕೆಳಗೆ ನಾನು "ನಡೆಯಲಿಲ್ಲ" ಎಂದು ಬರೆದೆ.

ಕೋಪ ಇಳಿದ ಮೇಲೆ ಅತ್ತೆ ಅದನ್ನು ನೋಡಿದರು. "ಇಂಗೆ ಬರುದ್ರೆ ಡಾಕ್ಟ್ರಮ್ಮ ನಂಗೆ ಕಾಲು ಬರ್ನಿಲ್ಲ ಅಂದ್ಕೊಳಾಕಿಲ್ವಾ? ನಿಜ ಬರಿ. ಸೊಸೆ ಬೈದ್ಲು ಅಂತ ಬರಿ."

"ಡಾಕ್ಟ್ರು ಓದ್ತಾರೆ ಅತ್ತೆ."

"ಓದ್ಲಿ ಬುಡು."

ಬರೆದೆ. ಸಿಟ್ಟೂ ಬಂತು, ನಗುವೂ ಬಂತು.

ಮುಂದಿನ ಸಲ ಮದ್ದೂರಿಗೆ ಹೋದಾಗ ಚಾರ್ಟನ್ನು ಪ್ರಿಂಟ್ ಮಾಡಿಸಿಕೊಂಡು ಹೋಗಿದ್ದೆ. ಡಾಕ್ಟ್ರಮ್ಮನ ಕಣ್ಣು ನೇರ ಆ ಹಳ್ಳಕ್ಕೇ ಹೋಯಿತು. "ಇಲ್ಲಿ ಏನಾಯ್ತು? ನೋವು ಜಾಸ್ತಿ ಆಗಿದ್ರೆ ಎಕ್ಸ್‌ರೇ ಮಾಡಿಸಬೇಕು" ಎನ್ನುತ್ತಲೇ ಕೆಳಗಿನ ಅಕ್ಷರ ಓದಿದರು. ಮೊದಲ ಬಾರಿಗೆ ಅವರು ಬಾಯಿ ತುಂಬಾ ನಕ್ಕದ್ದನ್ನು ಕಂಡೆ. ಅತ್ತೆ ಗೆದ್ದವರ ಹಾಗೆ ಕೂತಿದ್ದರು. ನಾನು ಸೀರೆಯ ಸೆರಗು ಸರಿ ಮಾಡಿಕೊಂಡು, ಅವರು ವಾಕರ್ ಬಿಟ್ಟು ನಾಲೆಗೆ ಹೊರಟಿದ್ದನ್ನು ಹೇಳಿದೆ.

"ಅಮ್ಮಾ, ವಾಕರ್ ಬಿಡೋಕೆ ಇನ್ನೂ ಸ್ವಲ್ಪ ದಿನ ಬೇಕು. ಅವರು ಗದರಿದ್ದು ಸರಿಯೇ" ಎಂದು ಅತ್ತೆಗೆ ಹೇಳಿ, ನನ್ನ ಕಡೆ ತಿರುಗಿದರು. "ನಾಲೆ ತನಕ ನೀವೇ ಜೊತೆಗೆ ಹೋಗಬಹುದಲ್ವಾ?"

ಬಸ್ಸಿನಲ್ಲಿ ವಾಪಸಾಗುವಾಗ ನಾನು ಆಫೀಸಿನಲ್ಲಿ ಮಾಡಿದ ಚಾರ್ಟುಗಳನ್ನು ನೆನೆದೆ. ಹಾಜರಾತಿಯ ಗೆರೆ ಎಷ್ಟೋ ಸಲ ಇಳಿದಿದೆ. ಕೆಳಗೆ ತಿಂಗಳ ಹೆಸರು ಹಾಕಿ ಕೊಟ್ಟಿದ್ದೇನೆ, ಮೇಜಿನ ಸುತ್ತ ಕೂತವರು ನೋಡಿ ತಲೆಯಾಡಿಸಿದ್ದಾರೆ. ಆ ತಿಂಗಳು ಮಕ್ಕಳ ಮನೆಗಳಲ್ಲಿ ಏನು ನಡೆದಿತ್ತೆಂದು ನಾನೂ ಕೇಳಲಿಲ್ಲ, ಅವರೂ ಕೇಳಲಿಲ್ಲ. ಕೇಳಿದ್ದರೂ ಅದನ್ನೆಲ್ಲ ಬರೆಯಲು ಅಲ್ಲಿ ಜಾಗ ಎಲ್ಲಿರುತ್ತಿತ್ತು ಎಂದೂ ಅನ್ನಿಸಿತು.

ಮರುದಿನ ಸಂಜೆ ಆಫೀಸಿನಿಂದ ಬೇಗ ಬಂದು ಅತ್ತೆಯ ಜೊತೆ ಹೊರಟೆ. ಕಬ್ಬಿನ ಗದ್ದೆಯ ಪಕ್ಕ, ನಿಂತು ನಿಂತು, ನಾಲೆಯ ಏರಿ ಮುಟ್ಟಿದೆವು. ಬಟ್ಟೆ ಒಗೆಯುವವರು ಆಗಲೇ ಮನೆಗೆ ಹೋಗಿದ್ದರು. ಅತ್ತೆ ವಾಕರಿನ ಮೇಲೆ ಭಾರ ಬಿಟ್ಟು ನೀರನ್ನೇ ನೋಡುತ್ತಾ ಹೇಳಿದರು:

"ಬಿದ್ದುಬುಟ್ರೆ ಅಂತ ನಂಗೂ ಬಯ ಆಯ್ತದೆ ಕಣವ್ವ. ಅದು ಗೊತ್ತಾಗ್ಬಾರ್ದು ಅಂತ್ಲೇ ಜಂಬ ಮಾಡೋದು."

"ನಂಗೂ ಭಯ ಅತ್ತೆ. ಅದಕ್ಕೇ ಕೂಗಾಡಿದ್ದು" ಎಂದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ನಾವಿಬ್ಬರೂ ಹಾಗೆ ಮಾತಾಡಿದ್ದು ಅದೇ ಮೊದಲು.

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು, ಏನು ಬರೆಯಲಿ ಎಂದು ಕೇಳಿದೆ.

"ನಾಲೆ ಅಂತ ಬರಿ, ಸಾಕು. ಮಾತಾಡಿದ್ದೆಲ್ಲ ಬರೀಬ್ಯಾಡ."

ಈಗ ಅತ್ತೆ ಕೋಲೂರಿಕೊಂಡು ಒಬ್ಬರೇ ಊರೆಲ್ಲ ತಿರುಗಿ ಬರುತ್ತಾರೆ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ, "ನಿಂಗ್ಯಾಕೆ?" ಎನ್ನುತ್ತಾರೆ.